ಗಾಡಿಯ ಮೇಲಿನ ಗುಡಾರ

ಕಳೆದ ತಿಂಗಳ ಒಂದು ಮುಂಜಾನೆ ನಮ್ಮ ತಮ್ಮನ ಮಗನು ದೊಡ್ಡದೊಂದು ಗಂಟನ್ನು ನಾಲ್ವರಿಂದ ಹೊರಿಸಿಕೊಂಡು ಬಂದು ನಮ್ಮ ಅಂಗಳದಲ್ಲಿ ಇಳಿಸಿದನು. ಬೀಜವೋ ಗೊಬ್ಬರವೋ ಇದ್ದೀತೆಂದು ನಾವು ಭಾವಿಸಿದೆವು. ಬಿಚ್ಚಿ ನೋಡಲಾಗಿ ಅದೊಂದು ಡೇರೆ. ಅದಾದರೂ ನೆಲದ ಮೇಲೆ ಗೂಟ ಬಡಿದು ನಿಲ್ಲಿಸುವ ಡೇರೆಯಲ್ಲ. ಮೋಟಾರಿನ ತಲೆಯ ಮೇಲೆ ಕೂಡ್ರಿಸಿ, ಏಣಿ ಹತ್ತಿ ಹೋಗಿ ಮಲಗತಕ್ಕ ಡೇರೆ.

"ದೊಡ್ಡಪ್ಪಾ, ಈ ಸಲ ಬನದ ಹುಣ್ಣಿಮಿಗೆ ಗುಡ್ಡಕ್ಕ ಹೋಗೂಮುಂದ ಇದನ್ನ ನಮ್ಮ ಪಿಕಪ್ಪಿನ ಮ್ಯಾಲ ಕೂಡ್ರಸೂಣ್ರಿ. ಎಲ್ಲಿ, ಹ್ಯಾಂಗ ಅನ್ನೂದನ್ನ ನೀವು ಹೇಳ್ರಿ" ಎಂದನು.

ನಾವು ಉತ್ತರ ಕೊಡುವ ಮೊದಲೇ ನಮ್ಮ ಮನೆಯವರು ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಸವರಿಕೊಳ್ಳುತ್ತ ಹೊರಗೆ ಬಂದರು. ಏಣಿಯನ್ನು ನೋಡಿದರು. ಏನೂ ಮಾತಾಡದೆ ಒಳಗೆ ಹೋದರು. ಆ ಮೌನದ ಅರ್ಥವು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವದು; ವಾಚಕರಿಗೆ ಮುಂದೆ ಹೇಳುವೆವು.

ನಮ್ಮ ನವಲಗುಂದ, ಅಣ್ಣಿಗೇರಿ, ಕುಂದಗೋಳ ಸೀಮೆಯ ಜನರಿಗೆ ಗಾಡಿಯಲ್ಲಿ ವಸತಿ ಮಾಡುವದು ಹೊಸ ಸಂಗತಿಯಲ್ಲ. ನಮ್ಮ ಬಾಲ್ಯದಲ್ಲಿ, ಅಂದರೆ 1970ರ ಆಚೀಚೆ, ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವದೆಂದರೆ ಸವಾರಿ ಬಂಡಿಯಲ್ಲಿ ಹೋಗುವದೆಂದೇ ಅರ್ಥ. ಚಕ್ಕಡಿಯ ಮೇಲೆ ಬಿದಿರಿನ ಕಮಾನುಗಳನ್ನು ಬಗ್ಗಿಸಿ ಕಟ್ಟಿ, ಅದರ ಮೇಲೆ ಚಾಪೆ, ಚಾಪೆಯ ಮೇಲೆ ಕಂಬಳಿ ಹೊದಿಸುತ್ತಿದ್ದರು. ಒಳಗೆ ಮೊಣಕಾಲುದ್ದ ಹುಲ್ಲು. ಅದರ ಮೇಲೆ ನವಲಗುಂದದ ಜಮಖಾನೆ. ಅದರ ಮೇಲೆ ನಾವು, ಬುತ್ತಿಯ ಗಂಟು, ಕೌದಿಗಳು ಮತ್ತು ಅಜ್ಜಿ. ಇರುಳು ಬಂಡಿ ನಿಂತಾಗ ಎತ್ತುಗಳನ್ನು ಬಿಚ್ಚಿ, ನೊಗಕ್ಕೆ ಊರುಗೋಲು ಕೊಟ್ಟು, ಗಾಲಿಗೆ ಕಲ್ಲಿಟ್ಟು, ಅಚ್ಚಿನ ಕೆಳಗೆ ಕಂದೀಲು ತೂಗಬಿಟ್ಟರೆ ಆಯಿತು, ಮನೆ ಸಿದ್ಧವಾದಂತೆಯೇ. ಜೋಗುಳಭಾವಿಯಲ್ಲಿ ಮಿಂದು ಗುಡ್ಡ ಹತ್ತುವ ಮೊದಲು ಒಂದೆರಡು ರಾತ್ರಿಗಳಾದರೂ ಹೀಗೆ ಕಳೆಯುತ್ತಿದ್ದವು.

ಚಕ್ಕಡಿ ಹೋಗಿ ಟ್ರ್ಯಾಕ್ಟರು ಬಂದಿತು, ಅದರ ಬೆನ್ನಿಗೆ ಪಿಕಪ್ಪು ಬಂದಿತು. ಕಮಾನಿನ ಸ್ಥಳದಲ್ಲಿ ಕಬ್ಬಿಣದ ಕೊಳವೆಗಳು, ಕಂಬಳಿಯ ಸ್ಥಳದಲ್ಲಿ ನೀಲಿ ತಾಡಪತ್ರಿ. ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಗುಡ್ಡದ ಮೇಲೆ ನಿಂತು ನೋಡಿದರೆ ಕಣ್ಣು ಹರಿಯುವವರೆಗೆ ಇಂಥ ಗಾಡಿಗುಡಾರಗಳೇ ಕಾಣುವವು. ಸಂಸ್ಕೃತದಲ್ಲಿ ಡೇರೆಗೆ ಪಟಕುಟಿ, ವಸ್ತ್ರವೇಶ್ಮ ಎಂಬ ಸುಂದರವಾದ ಹೆಸರುಗಳಿವೆ. ಬಟ್ಟೆಯ ಗುಡಿಸಲು, ಬಟ್ಟೆಯ ಮನೆ ಎಂದು ಅರ್ಥ. ಆ ಕುಟಿಯು ಶಕಟವನ್ನೇರಿ ಕುಳಿತದ್ದನ್ನು ನಮ್ಮ ಒಕ್ಕಲಿಗರು ಯಾವ ಕೋಶವನ್ನೂ ಓದದೆ ಸಾಧಿಸಿದರು. ಅದಿರಲಿ.

ಮೋಟಾರಿನ ನೆತ್ತಿಯ ಮೇಲೆ ಮಡಚಿಕೊಂಡು ಕೂಡ್ರುವ ಈ ಡೇರೆಯಾದರೋ ಪರದೇಶದ್ದು. ಇಟಲಿ ದೇಶದಲ್ಲಿ 1958ರಿಂದಲೂ ಇವನ್ನು ಮಾಡಿ ಮಾರುತ್ತ ಬಂದಿರುವರು. ಪೂರ್ವ ಜರ್ಮನಿಯ ಜನರು ತಮ್ಮ ಟ್ರಾಬಾಂಟ್ ಎಂಬ ಪುಟ್ಟ ಕಾರಿನ ಮೇಲೆ ಸಹ ಇಂಥದನ್ನು ಏರಿಸಿ ಸಮುದ್ರತೀರಕ್ಕೆ ಹೋಗುತ್ತಿದ್ದರು. ಇದರಲ್ಲಿ ಎರಡು ಜಾತಿ. ಒಂದು, ಪುಸ್ತಕದಂತೆ ಎರಡಾಗಿ ಬಿಚ್ಚಿಕೊಳ್ಳುವ ಬಟ್ಟೆಯ ಡೇರೆ. ಇದರ ಅರ್ಧಭಾಗವು ಗಾಡಿಯಾಚೆ ಚಾಚಿಕೊಂಡು ಏಣಿಯ ಮೇಲೆ ಆತುಕೊಂಡಿರುವದು. ಇನ್ನೊಂದು, ಪೆಟ್ಟಿಗೆಯ ಮುಚ್ಚಳದಂತೆ ಮೇಲಕ್ಕೇಳುವ ಗಟ್ಟಿಕವಚದ್ದು. ತೂಕ ಸಾಮಾನ್ಯವಾಗಿ 50ರಿಂದ 80 ಕಿಲೋ. ನಮ್ಮ ಹುಡುಗನು ತಂದದ್ದು ಮೊದಲನೆಯ ಜಾತಿಯದು, 60 ಕಿಲೋ ತೂಕದ್ದು.

ಇನ್ನು ಮಣಿಕಟ್ಟಿನ ವಿಷಯ. ಹೋದ ವರ್ಷ ಭಾರತ ಹುಣ್ಣಿಮೆಗೆ ಹೊರಟಾಗ ಇದೇ ಪಿಕಪ್ಪಿಗೆ ಕೊಳವೆಗಳ ಚೌಕಟ್ಟು ಕಟ್ಟಿ, ಮೇಲೆ ಹಲಗೆ ಹಾಸಿ, ತಾಡಪತ್ರಿ ಹೊದಿಸಿದ್ದೆವು. ದಾರಿಯಲ್ಲಿ ಮಲಪ್ರಭೆಯ ಕಾಲುವೆಗೆ ಸಮೀಪದ ಬೀಗರ ಹೊಲದಲ್ಲಿ ರಾತ್ರಿ ಇಳಿದೆವು. ಮಗ್ಗುಲ ಹೊಲಕ್ಕೆ ಹಿಂದಿನ ದಿನ ನೀರು ಬಿಟ್ಟಿದ್ದರು. ಮನೆಯ ಬಿದಿರೇಣಿಯನ್ನು ಚೌಕಟ್ಟಿಗೆ ಆನಿಸಿ ಕಟ್ಟಿದವರು ನಾವು. "ಹಗ್ಗ ಕಟ್ಟೂದನ್ನ ನಮಗ ಕಲಸಬ್ಯಾಡ" ಎಂದು ಹುಡುಗನಿಗೆ ಹೇಳಿದವರೂ ನಾವೇ. ನಮ್ಮ ತಂದೆಯವರು ಪುಂಡಿಯ ಹಗ್ಗಕ್ಕೆ ಹಾಕುತ್ತಿದ್ದ ಗಂಟನ್ನೇ ನಾವು ನಾಯ್ಲಾನ್ ಹಗ್ಗಕ್ಕೆ ಹಾಕಿದೆವು. ಪುಂಡಿಯ ನಾರು ಒರಟು. ಒಂದನ್ನೊಂದು ಕಚ್ಚಿ ಹಿಡಿಯುವದು. ನಾಯ್ಲಾನು ನುಣುಪು, ಇಬ್ಬನಿ ಬಿದ್ದು, ಮೇಲಿದ್ದವರು ಮಗ್ಗುಲು ಬದಲಿಸಿದ ಹಾಗೆಲ್ಲ ಗಂಟು ಎಳೆಎಳೆಯಾಗಿ ಸಡಿಲುತ್ತ ಹೋಯಿತು. ಕೆಳಗೆ ಎರೆಯ ನೆಲವು ಮೇಲೆ ಒಣಗಿ ಒಳಗೆ ಹಸಿಯಾಗಿತ್ತು. ನಸುಕಿನಲ್ಲಿ ನಮ್ಮ ಮನೆಯವರು ಇಳಿಯುವಾಗ ಏಣಿಯ ಒಂದು ಕಾಲು ಗೇಣುದ್ದ ಹೂತಿತು, ಗಂಟು ಬಿಚ್ಚಿತು, ಏಣಿ ತಿರುಗಿತು. ಮಣಿಕಟ್ಟಿನ ಎಲುಬು ಮುರಿದು ಆರು ವಾರ ಕಟ್ಟು ಹಾಕಿಕೊಂಡಿದ್ದರು. ಆ ಆರು ವಾರ ರೊಟ್ಟಿ ಬಡಿದವರು ಸೊಸೆಯಂದಿರು. ಅವರ ಮುಖ ನೋಡದೆ ಉಂಡವರು ನಾವು. ಎಂದೂ ಒಬ್ಬರೂ ನಮ್ಮನ್ನು ನಿಂದಿಸಲಿಲ್ಲ. ನಿಂದಿಸಿದ್ದರೆ ಹಗುರವಾಗುತ್ತಿತ್ತು.

ಆದಕಾರಣ ಈ ಸಲ ನಾವು ಅಪ್ಪಣೆ ಕೊಡುವ ಬದಲು ಕೇಳಿ ತಿಳಿದುಕೊಳ್ಳಲು ನಿಶ್ಚಯಿಸಿದೆವು. ನಾಲ್ಕಾರು ದಿನ ಗ್ಯಾರೇಜಿನಲ್ಲಿ ಕುಳಿತು, ಡೇರೆಯ ಜತೆಗೆ ಬಂದ ಹೊತ್ತಿಗೆಯನ್ನೂ ಗಾಡಿಯ ಹೊತ್ತಿಗೆಯನ್ನೂ ಅಕ್ಷರಶಃ ಓದಿದೆವು. ಅದರಿಂದ ತಿಳಿದದ್ದನ್ನು, ಇಂಥದನ್ನು ಕೊಳ್ಳುವ ವಿಚಾರದಲ್ಲಿರುವ ಮನೆಗಳಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತೇವೆ.

ಸವಾರಿ ಬಂಡಿಯಲ್ಲಿ ಮೇಲಿದ್ದುದು ಬರಿಯ ಬಿದಿರು ಮತ್ತು ಚಾಪೆ. ಭಾರವೆಲ್ಲ ಕೆಳಗೆ, ಅಚ್ಚಿನ ಸಮೀಪ. ಈ ಡೇರೆಯಲ್ಲಾದರೋ ಭಾರವೇ ಮೇಲೇರಿದೆ. ನಿಂತ ಗಾಡಿಗೆ ಇದರಿಂದ ಬಾಧೆಯಿಲ್ಲ. 60 ಕಿಲೋ ಡೇರೆಯ ಮೇಲೆ ಮೂವರು ಮಲಗಿದರೂ ಗಟ್ಟಿಯಾದ ಚೌಕಟ್ಟು ತಾಳಿಕೊಳ್ಳುವದು. ಚಲಿಸುವ ಗಾಡಿಯ ಮಾತು ಬೇರೆ. ತಗ್ಗಿನಲ್ಲಿ ಗಾಲಿ ಇಳಿದೇಳುವಾಗ ಅದೇ 60 ಕಿಲೋ ತನ್ನ ತೂಕಕ್ಕಿಂತ ಎಷ್ಟೋ ಹೆಚ್ಚಾಗಿ ಬೋಲ್ಟುಗಳನ್ನು ಜಗ್ಗುವದು. ತಿರುವಿನಲ್ಲಿ ಗಾಡಿಯನ್ನು ಹೊರಕ್ಕೆ ವಾಲಿಸುವದು. ಗಾಡಿಯ ತಲೆಯ ಮೇಲೆ ಇಷ್ಟು ಭಾರ ಹೇರಬಹುದೆಂದು ಕಂಪನಿಯವರು ಬರೆಯುವ ಅಂಕಿಯು ಸಾಮಾನ್ಯವಾಗಿ ಚಲಿಸುವ ಗಾಡಿಗೆ ಸಂಬಂಧಿಸಿದ್ದು. ಅದನ್ನು ಮೊದಲು ನೋಡತಕ್ಕದ್ದು.

ಹುಡುಗನಿಗೆ ಡೇರೆಯನ್ನು ಚಾಲಕನ ಕೋಣೆಯ ನೆತ್ತಿಯ ಮೇಲೆಯೇ ಕೂಡ್ರಿಸುವ ಆಸೆ, ದೂರದಿಂದ ಕಾಣುವದೆಂದು! ಆ ನೆತ್ತಿ ಗಿಡ್ಡದು, ತಗಡು ತೆಳುವಾದದ್ದು. ಅರ್ಧ ಕೋಣೆಯ ಮೇಲೆ, ಅರ್ಧ ಹಿಂದಿನ ತೊಟ್ಟಿಯ ಮೇಲೆ ಕಾಲೂರಿಸಿದರೆ ಹೇಗೆಂದು ಅವನು ಕೇಳಿದನು. ಇದು ಎಲ್ಲಕ್ಕಿಂತ ಕೆಟ್ಟದ್ದು. ಪಿಕಪ್ಪಿನಲ್ಲಿ ಕೋಣೆ ಬೇರೆ, ತೊಟ್ಟಿ ಬೇರೆ. ಎರಡನ್ನೂ ಒಂದೇ ಅಡಿಗಟ್ಟಿನ ಮೇಲೆ ಬಿಡಿಬಿಡಿಯಾಗಿ ಕೂಡ್ರಿಸಿರುವರು. ಓರೆಕೋರೆಯಾದ ಹೊಲದ ದಾರಿಯಲ್ಲಿ ಒಂದು ಎಡಕ್ಕೆ ವಾಲಿದರೆ ಇನ್ನೊಂದು ಬಲಕ್ಕೆ ತಿರುಚುವದು. ಎರಡಕ್ಕೂ ಬಿಗಿದ ಚೌಕಟ್ಟು ಒಂದಿಲ್ಲೊಂದು ದಿನ ಬೆಸುಗೆಯಲ್ಲಿ ಸೀಳುವದು. ಕೊನೆಗೆ ತೊಟ್ಟಿಯ ನಾಲ್ಕು ಮೂಲೆಗಳಿಗೆ ಕಾಲು ಕೊಟ್ಟು, ಓರೆ ಆಸರೆಗಳನ್ನು ಹಚ್ಚಿ, ಡೇರೆಯು ಮಡಚಿದಾಗ ಕೋಣೆಯ ನೆತ್ತಿಗಿಂತ ಮೇಲೇಳದಂತೆ ಚೌಕಟ್ಟು ಮಾಡಿಸಿದೆವು. ಗಾಳಿಯು ಕೋಣೆಗೆ ಬಡಿದು ಹೋಗುವದರಿಂದ ಡೇರೆಗೆ ಪೆಟ್ಟಿಲ್ಲ. ಹತ್ತುವ ಏಣಿಯೂ ಗಿಡ್ಡದಾಯಿತು. ಅಡ್ಡಪಟ್ಟಿಗಳಿಗೆ ಡೇರೆಯನ್ನು ಹಿಡಿಸುವ ನಟ್ಟುಗಳು ತಾವಾಗಿ ಸಡಿಲದಂಥ, ಒಳಗೆ ನಾಯ್ಲಾನ್ ಬಳೆಯುಳ್ಳವು ಇರಬೇಕು. ಬರಿದಾದ ಪಿಕಪ್ಪಿನ ಹಿಂದಿನ ಪಾಟಾಗಳು ಬಲು ಬಿರುಸು. ಹೇರಿಲ್ಲದಾಗ ಗಾಡಿಯು ಕುದುರೆಯಂತೆ ಕುಣಿಯುವದು. ಆದ್ದರಿಂದ ಮೊದಲ 50 ಕಿಲೋಮೀಟರು ಹೋದ ಬಳಿಕ ನಿಲ್ಲಿಸಿ, ಪ್ರತಿಯೊಂದು ನಟ್ಟನ್ನೂ ಕೈಮುಟ್ಟಿ ನೋಡತಕ್ಕದ್ದು.

ಕಾಯಿದೆಯ ಮಾತೊಂದಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಮೇರೆಗೆ ವಾಹನದ ಮೂಲರೂಪವನ್ನು ಮನಸ್ವೀ ಮಾರ್ಪಡಿಸಲಾಗದು. ಆದುದರಿಂದ ನಮ್ಮ ಚೌಕಟ್ಟನ್ನು ಬೆಸೆಯದೆ, ಬೋಲ್ಟು ಬಿಚ್ಚಿ ಇಳಿಸುವಂತೆ ಮಾಡಿಸಿದೆವು. ಆದರೂ ಸಾರಿಗೆ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳುವದು ಲೇಸು. ಅದಕ್ಕಿಂತ ಹೆಚ್ಚಿನದು ಇನ್ನೊಂದು. ಸರಕಿನ ಗಾಡಿಯ ತೊಟ್ಟಿಯಲ್ಲಿ ಜನರನ್ನು ತುಂಬಿಕೊಂಡು ಹೋಗುವದು ನಿಷಿದ್ಧ. ಜಾತ್ರೆಗೆಂದು ಹೊರಟ ಎಷ್ಟೋ ಮನೆಗಳು ಹೀಗೆ ಹೋಗಿ ದಾರಿಯಲ್ಲಿ ಅಳುವಂತಾದುದನ್ನು ನಾವೆಲ್ಲ ಕೇಳಿದ್ದೇವೆ. ಡೇರೆಯು ಮೇಲಿದೆ, ಹಾಸಿಗೆಯು ಮೆತ್ತಗಿದೆ ಎಂದು ಮಕ್ಕಳನ್ನು ಅಲ್ಲಿ ಕೂಡ್ರಿಸಿ ಗಾಡಿ ಬಿಡುವ ವಿಚಾರವು ಸ್ವಪ್ನದಲ್ಲಿಯೂ ಬರಕೂಡದು. ಹುಣ್ಣಿಮೆಗೆ ವಾಯವ್ಯ ಸಾರಿಗೆಯವರು ಹೆಚ್ಚಿನ ಬಸ್ಸುಗಳನ್ನು ಬಿಡುತ್ತಾರೆ. ಹೆಂಗಸರೂ ಮಕ್ಕಳೂ ಬಸ್ಸಿನಲ್ಲಿ, ಪಾತ್ರೆಪಗಡ ಪಿಕಪ್ಪಿನಲ್ಲಿ ಎಂದು ಈ ವರ್ಷ ಗೊತ್ತುಮಾಡಿರುವೆವು.

ಇಳಿದ ಸ್ಥಳದಲ್ಲಿ ನೋಡತಕ್ಕವು ಹಲವಿರುವವು. ತಲೆಯ ಮೇಲೆ ವಿದ್ಯುತ್ತಿನ ತಂತಿ ಹಾಯ್ದಿದೆಯೋ ಎಂಬುದನ್ನು ಮೊಟ್ಟಮೊದಲು ನೋಡಬೇಕು. ಹೊಲಗಳಲ್ಲಿ ಅವು ಜೋತುಬಿದ್ದಿರುವದು ಸಾಮಾನ್ಯ. ನೆಲ ಸಮನಾಗಿರಲಿ, ಗಾಲಿಗಳಿಗೆ ಕಲ್ಲು ಕೊಡಿರಿ, ಗಾಡಿಯ ಮೂತಿ ಗಾಳಿಗೆದುರಾಗಿರಲಿ. ಕಲಘಟಗಿಯ ಕಡೆಯ ಗಟ್ಟಿ ಕೆಂಪು ನೆಲದಲ್ಲಿ ಏಣಿ ಹೇಗೋ ನಿಂತೀತು. ನಮ್ಮ ಎರೆಯ ನೆಲವನ್ನು ಮಾತ್ರ ಕಣ್ಣಿನಿಂದ ನಂಬಬೇಡಿರಿ. ಏಣಿಯ ಎರಡೂ ಕಾಲುಗಳ ಕೆಳಗೆ ಅಗಲವಾದ ಹಲಗೆಯಿರಲಿ.

ಚಳಿಯೆಂದು ಡೇರೆಯೊಳಗೆ ಕೆಂಡದ ಅಗ್ಗಿಷ್ಟಿಕೆಯನ್ನು ಒಯ್ಯುವವರುಂಟು. ಮುಚ್ಚಿದ ಬಟ್ಟೆಯೊಳಗೆ ಕೆಂಡದಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮಲಗಿದಂತೆಯೇ ಉಳಿಯುವರು. ಕೆಳಗೆ ಇಂಜಿನ್ನು ಚಾಲೂ ಇರಿಸುವದೂ ಅಷ್ಟೇ ಘಾತಕ. ಎರಡು ಕಡೆಯ ಕಿಟಕಿಗಳನ್ನು ನಾಲ್ಕು ಬೆರಳಷ್ಟು ತೆರೆದೇ ಮಲಗಿರಿ. ಇಲ್ಲದಿದ್ದರೆ ನಮ್ಮ ಉಸಿರೇ ಹನಿಯಾಗಿ ಹಾಸಿಗೆಯ ಕೆಳಗೆ ಇಳಿಯುವದು. ಊರಿಗೆ ಬಂದ ಮೇಲೆ ಡೇರೆಯನ್ನು ಬಿಸಿಲಿಗೆ ಬಿಚ್ಚಿ ಒಣಗಿಸಿಯೇ ಮಡಚಬೇಕು. ಹಸಿಯಾಗಿ ಮಡಚಿದ ಬಟ್ಟೆಗೆ ಬೂಷ್ಟು ಹಿಡಿಯುವದು. ಕುಂದಗೋಳದ ಕಡೆಯ ನಮ್ಮ ಮಿತ್ರರೊಬ್ಬರದೊಂದು ಸೂಚನೆ: ಮೆಣಸಿನಕಾಯಿ ಹೇರಿದ ತೊಟ್ಟಿಯನ್ನು ಎರಡು ಸಲ ತೊಳೆಯದೆ ಅದರ ಮೇಲೆ ಮಲಗಬಾರದಂತೆ. ರಾತ್ರಿಯೆಲ್ಲ ಸೀನಿದ್ದರೆಂದು ಅವರ ಮನೆಯವರು ಹೇಳಿದರು.

ಗುಡ್ಡಕ್ಕೆ ಹೊರಡುವ ಮೊದಲು ನಮ್ಮ ಅಂಗಳದಲ್ಲಿಯೇ ಒಂದು ರಾತ್ರಿ ಪರೀಕ್ಷೆ ಮಾಡುವದೆಂದಾಯಿತು. ಮೊನ್ನೆ ಸಂಜೆ ಡೇರೆಯನ್ನು ಬಿಚ್ಚಿದೆವು. ಮೊಮ್ಮಕ್ಕಳು ಆಗಲೇ ಮೇಲೆ ಸೇರಿದ್ದರು. ನಮ್ಮ ಮನೆಯವರು ಬಂದರು. ಏಣಿಯ ಬುಡದ ಹಲಗೆಯನ್ನು ಕಾಲಿನಿಂದ ತುಳಿದು ನೋಡಿದರು. ಏಣಿಯನ್ನು ಎಡಗೈಯಿಂದ ಅಲ್ಲಾಡಿಸಿದರು. ಹಿಡಿದು ಇಳಿಯಲೆಂದು ಚೌಕಟ್ಟಿಗೆ ಒಂದು ಹಗ್ಗವನ್ನು ಕಟ್ಟಲು ನಾವು ಕೈಯಿಕ್ಕಿದೆವು.

"ತರ್ರಿ ಇಲ್ಲೆ, ಗಂಟು ನಾ ಹಾಕತೀನಿ" ಎಂದು ಹಗ್ಗವನ್ನು ತೆಗೆದುಕೊಂಡು ಎರಡು ಸುತ್ತು ಸುತ್ತಿ, ಎರಡು ಗಂಟು ಬಿಗಿದು, ಗೇಣುದ್ದ ತುದಿ ಬಿಟ್ಟರು.

"ದೊಡ್ಡವ್ವಾ, ನೀವು ಮ್ಯಾಲ ಬರ್ರಿ" ಎಂದು ಹುಡುಗನು ಕರೆದನು.

"ನಾ ಒಲ್ಲೆಪಾ, ನನಗ ಕೆಳಗ ಛಲೋ" ಎಂದು, ತೊಳೆದಿಟ್ಟ ತೊಟ್ಟಿಯಲ್ಲಿ ಹಳೆಯ ಜಮಖಾನೆಯನ್ನು ಹಾಸಿಕೊಂಡು, ಕೌದಿ ಹೊದ್ದು ಮಲಗಿದರು. ತಲೆಯ ಮೇಲೆ ಡೇರೆಯ ತಳವೇ ಚಾವಣಿ. ನೋಡಲು ಸವಾರಿ ಬಂಡಿಯ ಒಳಗಿನಂತೆಯೇ ಇತ್ತು. ನಡುರಾತ್ರಿ ನಾವು ಒಮ್ಮೆ ಇಳಿಯಬೇಕಾಯಿತು. ಸದ್ದಾಗದಂತೆ ಕಾಲಿಡುತ್ತಿದ್ದೆವು. ಕೆಳಗಿನಿಂದ, ನಿದ್ದೆ ಹತ್ತದ ದನಿಯಲ್ಲಿ, "ಸಾವಕಾಶ, ಇನ್ನೂ ಎರಡು ಮೆಟ್ಟಲಾ ಅದಾವ್ರಿ" ಎಂದು ಕೇಳಿಸಿತು.