ಗಡಿನಾಡಿನ ವಿದ್ಯಾರ್ಥಿಗಳೂ ಊರವರ ಕರ್ತವ್ಯವೂ

ಈಗಿನ ಕಾಲೇಜು ವಿದ್ಯಾರ್ಥಿಗಳಲ್ಲಿ ವಿದ್ಯೆಯ ಹಂಬಲವೇ ಉಳಿದಿಲ್ಲವೆಂಬ ಮಾತು ನಮ್ಮ ಊರುಗಳ ಕಟ್ಟೆಗಳ ಮೇಲೆಯೂ ಕಚೇರಿಗಳ ಪಡಸಾಲೆಗಳಲ್ಲಿಯೂ ಪದೇಪದೇ ಕೇಳಿಬರುತ್ತಿರುವದು. ಕೈಯಲ್ಲಿ ಮೊಬೈಲು, ಬಾಯಲ್ಲಿ ಸಿನೇಮಾ, ಮನಸ್ಸಿನಲ್ಲಿ ನೌಕರಿಯ ಆಸೆ, ಇಷ್ಟೇ ಅವರ ಸಂಪತ್ತೆಂದು ಹಿರಿಯರು ತೀರ್ಪು ಕೊಟ್ಟುಬಿಡುತ್ತಾರೆ. ತೀರ್ಪಿಗೆ ಮುನ್ನ ವಿಚಾರಣೆಯಾಗಬೇಕಾದದ್ದು ನ್ಯಾಯದ ರೀತಿ. ಆದುದರಿಂದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳ ವಿದ್ಯಾರ್ಥಿಯ ಒಂದು ದಿನದ ಲೆಕ್ಕವನ್ನು ವಾಚಕರ ಮುಂದಿಡಲು ಬಯಸುತ್ತೇವೆ.

ಈ ಊರುಗಳ ಕಾಲೇಜುಗಳಲ್ಲಿ ಓದುವವರಲ್ಲಿ ಬಹುಮಂದಿ ಹಳ್ಳಿಗಳವರು. ನಸುಕಿನಲ್ಲಿ ಎದ್ದು ಎಮ್ಮೆ ಹಿಂಡಿ, ಡೇರಿಗೆ ಹಾಲು ಹಾಕಿ, ಬುತ್ತಿ ಕಟ್ಟಿಕೊಂಡು ಅವರು ರಾತ್ರಿ ಹಳ್ಳಿಯಲ್ಲಿಯೇ ತಂಗಿದ ವಸತಿ ಬಸ್ಸನ್ನು ಹಿಡಿಯುತ್ತಾರೆ. ಅದು ತಪ್ಪಿತೆಂದರೆ ಮೊದಲ ಪಾಠ ತಪ್ಪಿತೆಂದೇ ಅರ್ಥ. ನಿಪ್ಪಾಣಿಯ ಸೀಮೆಯಲ್ಲಿ ತಾಯಿ ಕಟ್ಟಿದ ಬೀಡಿಗಳನ್ನು ಎಣಿಸಿಕೊಟ್ಟು ಕಾಲೇಜಿಗೆ ಹೊರಡುವ ಹೆಣ್ಣುಮಕ್ಕಳಿದ್ದಾರೆ. ಕಬ್ಬಿನ ಹಂಗಾಮು ಬಂತೆಂದರೆ ರಸ್ತೆಯ ತುಂಬ ಟ್ರ್ಯಾಕ್ಟರುಗಳ ಸಾಲು. ಬಸ್ಸು ಎತ್ತಿನ ಬಂಡಿಯ ವೇಗಕ್ಕೆ ಇಳಿಯುವದು. ಮಳೆಗಾಲದಲ್ಲಿ ಕೃಷ್ಣೆಯೂ ದೂಧಗಂಗೆಯೂ ತುಂಬಿದವೆಂದರೆ ಕಲ್ಲೋಳ-ಯಡೂರ, ಕಾರದಗಾ-ಭೋಜಗಳಂಥ ತಗ್ಗಿನ ಸೇತುವೆಗಳು ನೀರಿನಲ್ಲಿ ಮುಳುಗುತ್ತವೆ. 2019 ಮತ್ತು 2021ರ ಮಹಾಪೂರಗಳಲ್ಲಿ ಮನೆಮಠಗಳೊಡನೆ ಎಷ್ಟೋ ಹುಡುಗರ ಪುಸ್ತಕಗಳೂ ನೀರುಪಾಲಾದುದನ್ನು ಯಾರೂ ಮರೆತಿರಲಿಕ್ಕಿಲ್ಲ.

ಮಧ್ಯಾಹ್ನ ಪಾಠಗಳು ಮುಗಿದ ಬಳಿಕ ಹಳ್ಳಿಯ ಬಸ್ಸಿಗಾಗಿ ಒಂದೆರಡು ತಾಸು ನಿಲ್ದಾಣದಲ್ಲಿ ಕಾಯಬೇಕು. ಮನೆ ಸೇರಿದ ಮೇಲೆ ಹೊಲದ ಕೆಲಸ. ಪಂಪಿಗೆ ಕರೆಂಟು ರಾತ್ರಿಯೇ ಬರುವದಾದರೆ ಕಬ್ಬಿಗೆ ನೀರು ಹಾಯಿಸುವ ಪಾಳಿಯೂ ಆತನದೇ. ಇಷ್ಟರ ನಡುವೆ ಓದಿಗೆ ಉಳಿಯುವ ಹೊತ್ತು ಎಷ್ಟೆಂಬುದನ್ನು ವಾಚಕರೇ ಎಣಿಸಬಹುದು. ಹೀಗಿದ್ದೂ ತುಂಬಿದ ಬಸ್ಸಿನಲ್ಲಿ ಒಂಟಿ ಕೈಯಿಂದ ಸರಳು ಹಿಡಿದು ಇನ್ನೊಂದು ಕೈಯಲ್ಲಿ ಟಿಪ್ಪಣಿಯ ವಹಿ ಹಿಡಿದವರನ್ನೂ, ನಾಲ್ವರು ಕೂಡಿ ಹಣ ಹಾಕಿ ಒಂದು ಪುಸ್ತಕ ಕೊಂಡು ಸರದಿಯಂತೆ ಓದುವವರನ್ನೂ ನಾವು ದಿನಾಲು ಕಾಣುತ್ತೇವೆ. ಉತ್ಸಾಹವಿಲ್ಲದವರು ಇಷ್ಟು ಕಷ್ಟಕ್ಕೆ ಒಡ್ಡಿಕೊಳ್ಳುವರೇ? ಹಂಬಲಕ್ಕೆ ಕೊರತೆಯಿಲ್ಲ, ಕೊರತೆಯಿರುವದು ಹೊತ್ತಿಗೆ, ಕೂತು ಓದುವ ಸ್ಥಳಕ್ಕೆ.

ಈ ನೆಲದ ವಿದ್ಯಾಪ್ರೇಮ ಇಂದಿನದಲ್ಲ. ಚಿಕ್ಕೋಡಿ ತಾಲೂಕಿನ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಡಾ. ಆ. ನೇ. ಉಪಾಧ್ಯೆಯವರು ಕಾಲೇಜು ಸೇರುವ ವಯಸ್ಸಿಗೆ ಬಂದಾಗ ಬೆಳಗಾವಿಯಲ್ಲಿ ಒಂದು ಕಲಾ ಕಾಲೇಜೂ ಇರಲಿಲ್ಲ. ಲಿಂಗರಾಜ ಕಾಲೇಜು ಹುಟ್ಟಿದ್ದು 1933ರಲ್ಲಿ. ಅವರು ಪರಸ್ಥಳಗಳಲ್ಲಿ ಓದಿ, 1930ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಎಂ. ಎ. ಪದವಿ ಪಡೆದು, ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯ ಅಧ್ಯಾಪಕರಾದರು. ಕುಂದಕುಂದಾಚಾರ್ಯರ ಪ್ರವಚನಸಾರವನ್ನು 1935ರಲ್ಲಿ ಸಂಪಾದಿಸಿ ವಿದ್ವಲ್ಲೋಕದ ಮನ್ನಣೆಗೆ ಪಾತ್ರರಾದರು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನೂ ಅಲಂಕರಿಸಿದರು. ಶೇಡಬಾಳದ ಮಿರ್ಜಿ ಅಣ್ಣಾರಾಯರು ಮಾಸ್ತರಿಕೆಯ ದುಡಿಮೆಯ ನಡುವೆಯೇ 'ನಿಸರ್ಗ'ದಂಥ ಕಾದಂಬರಿಯನ್ನು ಕನ್ನಡಕ್ಕೆ ಕೊಟ್ಟರು.

ಆ ಕಾಲದಲ್ಲಿ ಓದುವವರ ಹಿಂದೆ ಸಮಾಜ ನಿಂತಿತ್ತೆಂಬುದನ್ನು ಲಕ್ಷಿಸಬೇಕು. ರಾಯಬಾಗವು ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ್ದ ದಿನಗಳಲ್ಲಿ, 1901ರಿಂದ ಮೊದಲ್ಗೊಂಡು, ಶಾಹೂ ಮಹಾರಾಜರ ಆಶ್ರಯದಲ್ಲಿ ಕೊಲ್ಹಾಪುರದಲ್ಲಿ ವಿದ್ಯಾರ್ಥಿ ವಸತಿಗೃಹಗಳು ಒಂದರ ಹಿಂದೊಂದು ಎದ್ದವು. ಧಾರವಾಡದ ಮುರುಘಾಮಠವೂ ಬೆಳಗಾವಿಯ ನಾಗನೂರು ರುದ್ರಾಕ್ಷಿಮಠವೂ ಪ್ರಸಾದನಿಲಯಗಳನ್ನು ತೆರೆದು ಬಡ ಹುಡುಗರಿಗೆ ಅನ್ನವಿಟ್ಟವು. 1916ರಲ್ಲಿ ಏಳು ಮಂದಿ ಶಿಕ್ಷಕರು ಕೂಡಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದಾಗ ದಾನಿಗಳು ಕೈಬಿಚ್ಚಿ ಕೊಟ್ಟರು. ವಿದ್ಯಾರ್ಥಿಗೆ ಹಂಬಲವಿದ್ದರೆ ಸಾಲದು, ಅನ್ನವೂ ಆಶ್ರಯವೂ ಬೇಕೆಂಬುದನ್ನು ನಮ್ಮ ಹಿರಿಯರು ಅರಿತಿದ್ದರು.

ಇಂದು ಕಾಲೇಜು ಮನೆಯ ಹತ್ತಿರಕ್ಕೆ ಬಂದಿದೆ. ನಿಪ್ಪಾಣಿಯಲ್ಲಿ ಬಾಗೇವಾಡಿ ಕಾಲೇಜು 1961ರಿಂದ ನಡೆದಿದೆ. 2010ರಲ್ಲಿ ಬೆಳಗಾವಿಗೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವೇ ಬಂದಿತು. 2023ರ ಜೂನದಿಂದ ಶಕ್ತಿ ಯೋಜನೆಯ ಮೂಲಕ ಹೆಣ್ಣುಮಕ್ಕಳಿಗೆ ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ಟಿಕೇಟಿನ ಹಣವೂ ಉಳಿಯಿತು. ಇವೆಲ್ಲ ಅಭಿನಂದನೀಯವೇ. ಆದರೆ ಕಾಲೇಜಿನವರೆಗೆ ಬಂದ ವಿದ್ಯಾರ್ಥಿಗೆ ಅಲ್ಲಿ ದೊರೆಯುವದೇನು? ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ಭಾರವನ್ನು ಬಹುಮಟ್ಟಿಗೆ ಅತಿಥಿ ಉಪನ್ಯಾಸಕರೇ ಹೊತ್ತಿದ್ದಾರೆ. ಸೇವಾಭದ್ರತೆಯಿಲ್ಲದ ಆ ಜನ 2021ರ ಕೊನೆಯಲ್ಲಿಯೂ ಮತ್ತೆ 2023ರ ಕೊನೆಯಲ್ಲಿಯೂ ತರಗತಿಗಳನ್ನು ಬಿಟ್ಟು ಬೀದಿಗಿಳಿಯಬೇಕಾಯಿತು. ವರ್ಷವರ್ಷವೂ ಅತಿಥಿಯಾಗಿಯೇ ಉಳಿಯುವವನ ಮನಸ್ಸು ಮನೆಯಲ್ಲಿ ನೆಲೆಸುವದು ಹೇಗೆ? ಖಾಯಂ ನೇಮಕವನ್ನು ಮುಂದೂಡುತ್ತ ಹೋಗುವ ಸರಕಾರವು ವಿದ್ಯಾರ್ಥಿಗಳ ನಿರುತ್ಸಾಹದ ಮಾತನ್ನಾಡುವದು ಶೋಭಿಸದು.

ಬಸ್ ನಿಲ್ದಾಣದಲ್ಲಿ ಕಳೆದುಹೋಗುವ ಆ ತಾಸುಗಳನ್ನು ಉಳಿಸಿಕೊಡುವದು ಮಾತ್ರ ಬೆಂಗಳೂರಿನವರೆಗೆ ಹೋಗಬೇಕಾದ ಕೆಲಸವಲ್ಲ. ಐದೂ ಊರುಗಳಲ್ಲಿ ನಿಲ್ದಾಣದ ಸಮೀಪ ಒಂದೊಂದು ವಾಚನಾಲಯವಿರಲಿ; ಬೆಳಗಿನ 6ರಿಂದ ರಾತ್ರಿ 10ರವರೆಗೆ ತೆರೆದಿರಲಿ; ಮೇಜು, ದೀಪ, ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಶೌಚಾಲಯ, ಪಠ್ಯಪುಸ್ತಕಗಳ ನಾಲ್ಕಾರು ಪ್ರತಿಗಳು ಅಲ್ಲಿರಲಿ. ಕಚೇರಿಯ ವೇಳೆಗೆ ತೆರೆದು ಕಚೇರಿಯ ವೇಳೆಗೆ ಮುಚ್ಚುವ ಗ್ರಂಥಾಲಯವು ಕಾಲೇಜಿಗೆ ಹೋಗುವವನಿಗೆ ಇದ್ದೂ ಇಲ್ಲದಂತೆಯೇ ಸರಿ.

ಹಣವೆಲ್ಲಿ ಎಂದು ಕೇಳುವವರಿಗೆ ಉತ್ತರ ಸಿದ್ಧವಾಗಿದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಮೇರೆಗೆ ಆಸ್ತಿಕರದೊಡನೆ ನೂರಕ್ಕೆ 6ರಂತೆ ಗ್ರಂಥಾಲಯ ಕರವನ್ನು ನಾಗರಿಕರು ತೆರುತ್ತಿದ್ದಾರೆ. ರಾಜ್ಯದ ಅನೇಕ ಸ್ಥಾನಿಕ ಸಂಸ್ಥೆಗಳು ಈ ಹಣವನ್ನು ವಸೂಲು ಮಾಡಿಯೂ ಗ್ರಂಥಾಲಯ ಇಲಾಖೆಗೆ ಪೂರ್ತಿಯಾಗಿ ಸಲ್ಲಿಸದೆ ಬಾಕಿಯಿಟ್ಟಿರುವದು ಗುಟ್ಟಿನ ಸಂಗತಿಯಲ್ಲ. ನಮ್ಮ ಊರುಗಳ ಸಂಸ್ಥೆಗಳು ಎಷ್ಟು ವಸೂಲು ಮಾಡಿದವು, ಎಷ್ಟು ಸಲ್ಲಿಸಿದವು ಎಂಬ ಲೆಕ್ಕವನ್ನು ಬಹಿರಂಗಪಡಿಸಲಿ. ಪುಸ್ತಕಕ್ಕೆಂದು ಕೊಟ್ಟ ಹಣ ಪುಸ್ತಕಕ್ಕೇ ಸಲ್ಲಬೇಕು.

ಮೊಬೈಲಿನಲ್ಲಿಯೇ ಸಕಲ ಗ್ರಂಥಗಳಿರುವಾಗ ವಾಚನಾಲಯವೇತಕ್ಕೆಂದು ಕೆಲವರು ಆಕ್ಷೇಪಿಸಬಹುದು. ಮೊಬೈಲು ಗ್ರಂಥವನ್ನು ತಂದೀತು. ಶಾಂತವಾದ ಮೂಲೆಯನ್ನು ತರಲಾರದು. ಇಬ್ಬರು ಅಣ್ಣತಮ್ಮಂದಿರ ಸಂಸಾರವಿರುವ ಎರಡು ಖೋಲಿಯ ಮನೆಯಲ್ಲಿ ಓದುವವಳಿಗೆ ಬೇಕಾದದ್ದು ಆ ಮೂಲೆಯೇ. ಇದರಲ್ಲಿ ಭಾಷೆಯ ಭೇದವೂ ಸಲ್ಲದು. ನಿಪ್ಪಾಣಿಯ ಮಗ್ಗುಲಲ್ಲಿ, ಮಹಾರಾಷ್ಟ್ರದ ನೆಲದ ಅರ್ಜುನನಗರದಲ್ಲಿ, 1960ರಿಂದ ನಡೆದ ದೇವಚಂದ ಕಾಲೇಜಿಗೆ ಗಡಿ ದಾಟಿ ಹೋಗುವ ನಮ್ಮ ಮಕ್ಕಳಿದ್ದಾರೆ. ಇತ್ತ ನಮ್ಮ ಕಾಲೇಜುಗಳಲ್ಲಿ ಮನೆಮಾತು ಮರಾಠಿಯಾದವರೂ ಓದುತ್ತಿದ್ದಾರೆ. ಕನ್ನಡದ ಉತ್ತಮ ಪುಸ್ತಕಗಳು ಕೈಗೆಟಕುವಂತೆ ಇಟ್ಟರೆ ಇವರೆಲ್ಲರೂ ಓದುವರು. ಗಡಿನಾಡಿನಲ್ಲಿ ಕನ್ನಡವು ಬೆಳೆಯಬೇಕಾದ ದಾರಿ ಇದೇ. ಫಲಕಗಳ ಮೇಲಿನ ಜಗಳದಿಂದ ಒಂದಕ್ಷರವೂ ಯಾರ ತಲೆಗೂ ಹೋಗುವದಿಲ್ಲ.

ವಿದ್ಯಾರ್ಥಿ ಮಿತ್ರರಿಗೂ ಒಂದು ಮಾತು. ನಿಮ್ಮ ದಾರಿ ಕಠಿನವೆಂಬುದನ್ನು ಬಲ್ಲೆವು. ಪರೀಕ್ಷೆಗೆ ಬೇಕಾದಷ್ಟೇ ಓದಿ ನಿಲ್ಲಬೇಡಿರಿ; ವಾಚನಾಲಯ ನಿಮ್ಮ ಹಕ್ಕೆಂದು ತಿಳಿದು ಸ್ಥಾನಿಕ ಸಂಸ್ಥೆಗಳ ಬಾಗಿಲಿಗೆ ಹೋಗಿ ಕೇಳಿರಿ. ಪುರಪ್ರಮುಖರೂ ಅಧಿಕಾರಿಗಳೂ ಬರುವ ಮುಂಗಡಪತ್ರದಲ್ಲಿಯೇ ಇದಕ್ಕೆ ಸ್ಥಾನ ಕಲ್ಪಿಸಲಿ. ಹಿಂದಿನವರು ಹಸಿದ ವಿದ್ಯಾರ್ಥಿಗೆ ಅನ್ನವಿಟ್ಟರು; ನಾವು ಓದುವವನಿಗೆ ಒಂದು ದೀಪವನ್ನಾದರೂ ಇಡದಿದ್ದರೆ ಅವರ ವಾರಸುದಾರರೆನ್ನಿಸಿಕೊಳ್ಳುವ ಅಧಿಕಾರ ನಮಗಿರಲಾರದು.