ಕುತ್ತಿಗೆ ನೋವು: ಕಲಿಸುವವರು ಎಲ್ಲಿ?

ಭಟ್ಕಳ ತಾಲ್ಲೂಕಿನ ಮಾವಳ್ಳಿ ಹೋಬಳಿಯ ಯಾವ ಊರಲ್ಲಾದರೂ ಕುತ್ತಿಗೆ ನೋವೆಂದು ಆಸ್ಪತ್ರೆಗೆ ಹೋಗಿ ಬಂದವರನ್ನು ಮಾತಾಡಿಸಿ ನೋಡಿ. ಎಕ್ಸ್‌ರೇ ಇರುವ ದೊಡ್ಡ ಲಕೋಟೆ, ಕುತ್ತಿಗೆಗೆ ಕಟ್ಟುವ ಪಟ್ಟಿ, ಅರ್ಧ ಖಾಲಿಯಾದ ಮಾತ್ರೆ ಚೀಟಿ ಹೊರಗೆ ಬರುತ್ತವೆ. ಜೊತೆಗೆ ಒಂದು ಮಾತೂ ಬರುತ್ತದೆ: “ಎಲುಬು ಸವೆದದೆ ಅಂದ್ರು, ಇನ್ನು ಭಾರ ಹೊರೂಕಾಗುದಿಲ್ಲ.” ಮಾತ್ರೆ ಹತ್ತು ದಿನಕ್ಕೆ ಮುಗಿಯುತ್ತದೆ. ಕರಾವಳಿಯ ಸೆಕೆಯಲ್ಲಿ ಪಟ್ಟಿಯನ್ನು ಯಾರೂ ಬಹಳ ದಿನ ಕಟ್ಟಿಕೊಳ್ಳಲಾರರು. ಆ ಮಾತು ಮಾತ್ರ ವರ್ಷಗಟ್ಟಲೆ ಉಳಿಯುತ್ತದೆ. ನೋವು ಕಡಿಮೆಯಾದ ದಿನವೂ ಕತ್ತು ತಿರುಗಿಸಲು ಹೆದರುವಂತೆ ಮಾಡುತ್ತದೆ.

ಮೂರು ತಿಂಗಳಿಗಿಂತ ಹೆಚ್ಚು ಕಾಲ ಕಾಡುವ ಕುತ್ತಿಗೆ ನೋವಿಗೆ ಇಂದು ಗೊತ್ತಿರುವ ಉತ್ತಮ ಚಿಕಿತ್ಸೆ ರೋಗಿ ತಾನೇ ಮಾಡುವಂಥದ್ದು. ಅದನ್ನು ಕಲಿಸಲು ಒಬ್ಬರು ಬೇಕು, ಅರ್ಧ ಗಂಟೆಯ ಹೊತ್ತು ಬೇಕು, ಮತ್ತೆ ಬಂದು ತೋರಿಸುವ ಅವಕಾಶ ಬೇಕು. ಭಟ್ಕಳ, ಹೊನ್ನಾವರ, ಕುಮಟಾದ ಹಳ್ಳಿಗಳಲ್ಲಿ ಈ ಮೂರೂ ಸುಲಭಕ್ಕೆ ಸಿಗುವುದಿಲ್ಲ. ನಮ್ಮ ಆರೋಗ್ಯ ವ್ಯವಸ್ಥೆಯಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಇದು, ಮತ್ತು ಸಣ್ಣ ಖರ್ಚಿನಲ್ಲಿ ನೀಗಬಹುದಾದ ಕೊರತೆಯೂ ಹೌದು.

ಕುತ್ತಿಗೆ ನೋವು ಕಂಪ್ಯೂಟರ್ ಮುಂದೆ ಕೂರುವ ಬೆಂಗಳೂರಿನವರ ಕಾಯಿಲೆ ಎಂಬ ಭಾವನೆ ಇದೆ. ಭಟ್ಕಳ ಮಲ್ಲಿಗೆ ಕಟ್ಟುವ ಹೆಂಗಸನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು ತಂದು ಜಗಲಿಯಲ್ಲಿ ಕೂತಿರುತ್ತಾಳೆ. ಮಡಿಲಲ್ಲಿ ಮೊಗ್ಗಿನ ರಾಶಿ, ಬೆರಳ ನಡುವೆ ಬಾಳೆನಾರು. ಕಣ್ಣು ಬೆರಳ ತುದಿಯಲ್ಲಿ ನೆಟ್ಟಿರುವುದರಿಂದ ಗದ್ದ ಎದೆಯ ಕಡೆ ಇಳಿದಿರುತ್ತದೆ, ಭುಜಗಳು ಗೊತ್ತಿಲ್ಲದೆಯೇ ಕಿವಿಯ ಹತ್ತಿರ ಏರಿರುತ್ತವೆ. ಬಸ್ಸಿಗೆ ಹೂವು ತಲುಪಬೇಕಾದ್ದರಿಂದ ಮಧ್ಯೆ ಎದ್ದು ಮೈ ಮುರಿಯುವಷ್ಟು ಬಿಡುವಿಲ್ಲ. ಎದ್ದ ಮೇಲೆ ಒಲೆಯ ಕೆಲಸ, ಬಟ್ಟೆಯ ಕೆಲಸ. ಹೊನ್ನಾವರದ ಮೇಲಿನ ಊರುಗಳಲ್ಲಿ ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯುವವರದ್ದೂ, ಬಂದರಿನಲ್ಲಿ ಬಲೆ ಹೆಣೆಯುವವರದ್ದೂ ಇದೇ ಕೂರುವ ರೀತಿ. ಸಿಂಬೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗುವ ಹೆಂಗಸರ ಕಥೆ ಬೇರೆ. ಅಲ್ಲಿ ಕತ್ತು ಬಗ್ಗುವುದಿಲ್ಲ, ನೆಟ್ಟಗೆ ನಿಂತು ಭಾರ ತಡೆಯುತ್ತದೆ.

ಜಗತ್ತಿನ ರೋಗಭಾರ ಲೆಕ್ಕ ಹಾಕುವ ಅಧ್ಯಯನದ ಪ್ರಕಾರ 2020ರಲ್ಲಿ 20.3 ಕೋಟಿ ಜನರಿಗೆ ಕುತ್ತಿಗೆ ನೋವಿತ್ತು. 2050ರ ಹೊತ್ತಿಗೆ ಅದು 26.9 ಕೋಟಿಗೆ ಏರಬಹುದೆಂದು ಅಂದಾಜು. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು.

ಈಗ ಆ ‘ಸವೆತ’ದ ಮಾತಿಗೆ ಬರೋಣ. ಕುತ್ತಿಗೆಯ ಯಾವ ತೊಂದರೆಯೂ ಇಲ್ಲದ 1,211 ಜನರನ್ನು ಜಪಾನಿನ ವೈದ್ಯರು ಎಂಆರ್‌ಐ ಮಾಡಿ ನೋಡಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ 87.6% ಜನರಿಗೆ ಕುತ್ತಿಗೆಯ ಡಿಸ್ಕ್ ಉಬ್ಬಿತ್ತು. ಇಪ್ಪತ್ತರ ಹರೆಯದವರಲ್ಲೂ ಬಹುಪಾಲು ಮಂದಿಗೆ ಉಬ್ಬಿತ್ತು. ಇವರ್ಯಾರೂ ನೋವೆಂದು ಬಂದವರಲ್ಲ. ಅಂದ ಮೇಲೆ ನಲವತ್ತೈದು ದಾಟಿದ ಮೀನುಗಾರ ಹೆಂಗಸಿನ ಎಕ್ಸ್‌ರೇಯಲ್ಲಿ ಸವೆತ ಕಂಡರೆ ಅದೇ ಅವಳ ನೋವಿಗೆ ಕಾರಣ ಎಂದು ಹೇಳಲು ಬರುವುದಿಲ್ಲ. ಸವೆತ ಇದೆ, ನೋವೂ ಇದೆ; ಒಂದರಿಂದಲೇ ಇನ್ನೊಂದು ಬಂತೆನ್ನಲು ಆ ಚಿತ್ರವೊಂದೇ ಸಾಕ್ಷಿಯಾಗದು. ಇಷ್ಟನ್ನು ಬಿಡಿಸಿ ಹೇಳಿದರೆ ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತದೆ.

ಕುತ್ತಿಗೆ ಗಾಜಿನದ್ದಲ್ಲ ಎಂಬುದಕ್ಕೆ ನಮ್ಮ ನೆಲದಲ್ಲೇ ಸಾಕ್ಷಿಯಿದೆ. ಬಡಗುತಿಟ್ಟಿನ ಯಕ್ಷಗಾನ ಕಲಾವಿದ ತಲೆಗೆ ಬಿಗಿಯಾಗಿ ಮುಂಡಾಸು ಕಟ್ಟಿಕೊಂಡು ಇರುಳಿಡೀ ಕುಣಿಯುತ್ತಾನೆ, ಗಿರಕಿ ಹೊಡೆಯುತ್ತಾನೆ. ಹೊನ್ನಾವರ ತಾಲ್ಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಎಂಬತ್ತು ದಾಟಿದ ಮೇಲೂ ವೇಷ ಕಟ್ಟಿದವರು. ಆ ಕತ್ತು ಒಂದೇ ದಿನಕ್ಕೆ ಆ ಭಾರಕ್ಕೆ ಒಗ್ಗಿದ್ದಲ್ಲ. ಬಾಲಗೋಪಾಲ ವೇಷದಿಂದ ಮೇಲೇರುತ್ತಾ ಬಂದ ಹುಡುಗನ ಸ್ನಾಯು ವೇಷದ ಜೊತೆಗೇ ಬೆಳೆದಿರುತ್ತದೆ. ವ್ಯಾಯಾಮ ಚಿಕಿತ್ಸೆ ಮಾಡುವುದೂ ಇದನ್ನೇ: ಹಂತ ಹಂತವಾಗಿ ಭಾರಕ್ಕೆ ಒಗ್ಗಿಸುವುದು.

ಹಳೆಯ ನೋವಿನಲ್ಲಿ ಇನ್ನೊಂದು ಸಂಗತಿಯೂ ನಡೆಯುತ್ತದೆ. ತಿಂಗಳುಗಟ್ಟಲೆ ನೋವು ಉಂಡ ನರವ್ಯೂಹ, ಒಮ್ಮೆ ಕಳ್ಳ ಬಂದು ಹೋದ ಮನೆಯ ನಾಯಿ ಒಣಗಿದೆಲೆ ಅಲುಗಿದರೂ ಬೊಗಳುವ ಹಾಗೆ, ಸಣ್ಣ ಚಲನೆಗೂ ನೋವಿನ ಸೂಚನೆ ಕೊಡತೊಡಗುತ್ತದೆ. ನಿದ್ದೆಗೆಟ್ಟರೆ, ದೋಣಿ ಹೊತ್ತಿಗೆ ಮರಳದಿದ್ದರೆ, ಸಂಘದ ಸಾಲದ ಕಂತು ಹತ್ತಿರ ಬಂದರೆ ನೋವು ಏರುತ್ತದೆ. ಇದನ್ನು ‘ಮನಸ್ಸಿನ ಕಾಯಿಲೆ’ ಎಂದು ತಳ್ಳಿಹಾಕುವುದು ತಪ್ಪು. ನೋವು ನಿಜವಾದದ್ದು, ಆದರೆ ನೋವಾದಾಗಲೆಲ್ಲ ಒಳಗೆ ಏನೋ ಮುರಿಯುತ್ತಿದೆ ಎಂದು ಅರ್ಥವಲ್ಲ. ರೋಗಿಗೆ ಕೊಡಬೇಕಾದ ಶಿಕ್ಷಣದ ತಿರುಳು ಈ ವ್ಯತ್ಯಾಸದಲ್ಲಿದೆ.

ವ್ಯಾಯಾಮದ ಮಾತಿಗೆ ಮೊದಲು ಒಂದು ಎಚ್ಚರಿಕೆ ಹೇಳಲೇಬೇಕು. ಕೈಯ ಬಲ ಕುಂದಿದರೆ, ಬೆರಳು ಮಾತು ಕೇಳದೆ ರವಿಕೆಯ ಹುಕ್ಕು ಹಾಕಲೂ ಕಷ್ಟವಾದರೆ, ನಡೆಯುವಾಗ ಕಾಲು ತಡವರಿಸಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಜ್ವರ ಅಥವಾ ಕಾರಣವಿಲ್ಲದೆ ತೂಕ ಇಳಿಯುವುದು ಜೊತೆಗಿದ್ದರೆ, ಮರದಿಂದಲೋ ಬೈಕಿನಿಂದಲೋ ಬಿದ್ದ ಮೇಲೆ ನೋವು ಬಂದಿದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ ಮೊದಲು ವೈದ್ಯರ ಪರೀಕ್ಷೆ ಆಗಬೇಕು. ಎದೆ ಬಿಗಿತ, ಬೆವರಿನ ಜೊತೆ ಕುತ್ತಿಗೆಗೋ ದವಡೆಗೋ ನೋವು ಹರಿದರೆ ಅದು ಹೃದಯದ್ದಿರಬಹುದು, ತಡಮಾಡುವಂತಿಲ್ಲ. ಅಂಥವರ ಸಂಖ್ಯೆ ಕಡಿಮೆ. ಉಳಿದವರಿಗೆ ಮುಂದಿನ ಮಾತು.

ಫಿನ್ಲೆಂಡಿನಲ್ಲಿ ಹಳೆಯ ಕುತ್ತಿಗೆ ನೋವಿದ್ದ 180 ಮಹಿಳಾ ಕಚೇರಿ ನೌಕರರನ್ನು ಒಂದು ವರ್ಷ ಹಿಂಬಾಲಿಸಿದ ಪ್ರಯೋಗ 2003ರಲ್ಲಿ ಪ್ರಕಟವಾಯಿತು. ಕತ್ತು, ಭುಜದ ಬಲ ಹೆಚ್ಚಿಸುವ ವ್ಯಾಯಾಮವನ್ನು ಮೊದಲು ಸರಿಯಾಗಿ ಕಲಿತು, ಆಮೇಲೆ ಮನೆಯಲ್ಲಿ ವಾರಕ್ಕೆ ಮೂರು ಸಲ ಮಾಡಿದವರ ನೋವು, ಏರೋಬಿಕ್ ಮತ್ತು ಸ್ನಾಯು ಎಳೆಯುವ ವ್ಯಾಯಾಮದ ಸಲಹೆಯಷ್ಟೇ ಪಡೆದವರಿಗಿಂತ ಬಹಳ ತಗ್ಗಿತು. ಡೆನ್ಮಾರ್ಕಿನ 198 ಕಚೇರಿ ನೌಕರರ ಪ್ರಯೋಗ (2011) ನಮ್ಮ ಹೂ ಕಟ್ಟುವವರಿಗೆ ಇನ್ನೂ ಹತ್ತಿರದ್ದು. ರಬ್ಬರ್ ಪಟ್ಟಿ ಹಿಡಿದು ಎರಡೂ ಕೈಗಳನ್ನು ಪಕ್ಕಕ್ಕೆ ಭುಜದ ಮಟ್ಟಕ್ಕೆ ಎತ್ತುವ ಒಂದೇ ವ್ಯಾಯಾಮ, ದಿನಕ್ಕೆ ಎರಡೇ ನಿಮಿಷ, ವಾರಕ್ಕೆ ಐದು ದಿನ. ಹತ್ತು ವಾರದಲ್ಲಿ ನೋವು ಇಳಿಯಿತು. ಹನ್ನೆರಡು ನಿಮಿಷ ಮಾಡಿದವರಿಗೆ ಅದಕ್ಕಿಂತ ಅಷ್ಟೇನೂ ಹೆಚ್ಚಿನ ಲಾಭ ಸಿಗಲಿಲ್ಲ. ಎರಡು ನಿಮಿಷ ಎಂದರೆ ಅನ್ನದ ನೀರು ಕುದಿಯುವುದಕ್ಕಿಂತ ಕಡಿಮೆ ಹೊತ್ತು. ಬಿಡುವಿಲ್ಲದವರಿಗೂ ಸಿಗುವ ಹೊತ್ತು. ರಬ್ಬರ್ ಪಟ್ಟಿ ಇಲ್ಲದಿದ್ದರೆ ನೀರು ತುಂಬಿದ ಬಾಟಲಿ ಹಿಡಿದು ಶುರುಮಾಡಬಹುದು.

ಇನ್ನೊಂದು ವ್ಯಾಯಾಮವಿದೆ, ನೋಡಲು ಏನೂ ಅಲ್ಲವೆನ್ನುವಂಥದ್ದು. ಚಾಪೆಯ ಮೇಲೆ ಅಂಗಾತ ಮಲಗಿ, ತಲೆ ಎತ್ತದೆ, ಗದ್ದವನ್ನು ಸ್ವಲ್ಪವೇ ಒಳಕ್ಕೆ ತಂದು ‘ಹೂಂ’ ಎನ್ನುವಷ್ಟು ತಲೆಯಾಡಿಸಿ ಹತ್ತು ಸೆಕೆಂಡ್ ನಿಲ್ಲಿಸುವುದು, ಹತ್ತು ಸಲ. ಕತ್ತಿನ ಮುಂಭಾಗದಲ್ಲಿ ಆಳದಲ್ಲಿರುವ, ಹಳೆಯ ನೋವಿನವರಲ್ಲಿ ಸೋಮಾರಿಯಾಗಿರುವ ಸ್ನಾಯುಗಳಿಗೆ ಇದು ಕೆಲಸ ಕೊಡುತ್ತದೆ. ಬಹುತೇಕರು ಮೊದಲ ಸಲ ಇದನ್ನು ತಪ್ಪಾಗಿಯೇ ಮಾಡುತ್ತಾರೆ: ತಲೆ ಎತ್ತುತ್ತಾರೆ, ಉಸಿರು ಬಿಗಿಹಿಡಿಯುತ್ತಾರೆ, ಕತ್ತಿನ ಪಕ್ಕದ ದಪ್ಪ ಸ್ನಾಯು ಎದ್ದು ಕಾಣುತ್ತದೆ. ಕಲಿಸುವವರು ಎರಡು ಬೆರಳು ಅಲ್ಲಿಟ್ಟು “ಇದು ಬಿಗಿ ಆಗ್ಬಾರ್ದು ಅಕ್ಕ, ಉಸಿರು ಬಿಡಿ” ಅಂದಾಗಲೇ ಅದು ಸರಿಯಾಗುವುದು. ಚಿತ್ರವಿರುವ ಹಾಳೆ ಕೊಟ್ಟು ಕಳಿಸಿದರೆ ಇದು ಬರುವುದಿಲ್ಲ.

ಜರ್ಮನಿಯಲ್ಲಿ 51 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ನಾನು ಈ ದೃಷ್ಟಿಯಿಂದಲೇ ಓದುತ್ತೇನೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರ ಪದ್ಧತಿಯ ಯೋಗವನ್ನು ಒಂದು ಗುಂಪು ಒಂಬತ್ತು ವಾರ ತರಗತಿಯಲ್ಲಿ ಕಲಿಯಿತು. ಇನ್ನೊಂದು ಗುಂಪಿಗೆ ಮನೆಯಲ್ಲಿ ಮಾಡಲು ವ್ಯಾಯಾಮದ ಕೈಪಿಡಿ ಸಿಕ್ಕಿತು. ಯೋಗದ ಗುಂಪಿಗೆ ಹೆಚ್ಚು ಗುಣ ಕಂಡಿತು. ಇದನ್ನು ಯೋಗದ ಗೆಲುವೆಂದು ಹೇಳಬಹುದು. ಗುರುವಿನ ಕಣ್ಣ ಮುಂದೆ ಕಲಿತವರು ಪುಸ್ತಕ ನೋಡಿ ಕಲಿತವರಿಗಿಂತ ಮುಂದೆ ಹೋದರು ಎಂದೂ ಹೇಳಬಹುದು. ನನಗೆ ಎರಡನೆಯದು ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ಹಾಗೆಂದು ಇಪ್ಪತ್ತು ದಿನ ಆಸ್ಪತ್ರೆಗೆ ಅಲೆಸಬೇಕೇ? ಬೇಡ. ಅಪಘಾತದಲ್ಲಿ ಕತ್ತು ಉಳುಕಿ ನೋವು ಉಳಿದುಹೋದ 172 ಆಸ್ಟ್ರೇಲಿಯನ್ನರ ಮೇಲಿನ ಪ್ರಯೋಗದಲ್ಲಿ (2014) ಇಪ್ಪತ್ತು ಭೇಟಿಗಳ ವ್ಯಾಯಾಮ ಚಿಕಿತ್ಸೆಗೂ, ಅರ್ಧ ಗಂಟೆ ಕೂರಿಸಿ ವಿವರಿಸಿ ವ್ಯಾಯಾಮ ತೋರಿಸಿ ಆಮೇಲೆ ಫೋನಿನಲ್ಲಿ ವಿಚಾರಿಸಿಕೊಂಡದ್ದಕ್ಕೂ ಫಲಿತಾಂಶದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಇನ್ನೊಂದು ಕಡೆ, ಬರೀ ಮಾತಿನ ಶಿಕ್ಷಣವನ್ನಷ್ಟೇ ತೂಗಿ ನೋಡಿದ ಕಾಕ್ರೇನ್ ಪರಿಶೀಲನೆಗೆ (2012) ಅದರ ಪರವಾಗಿ ಬಲವಾದ ಪುರಾವೆ ಸಿಗಲಿಲ್ಲ. ಡೆನ್ಮಾರ್ಕಿನ 200 ರೋಗಿಗಳಲ್ಲಿ ಶಿಕ್ಷಣಕ್ಕೆ ವ್ಯಾಯಾಮ ಸೇರಿಸಿದಾಗ ಬರೀ ಶಿಕ್ಷಣಕ್ಕಿಂತ ಗುಣ ಹೆಚ್ಚಿತು, ಆದರೆ ಅದು ದೊಡ್ಡ ಜಿಗಿತವಲ್ಲ. ಪವಾಡ ಇಲ್ಲಿಲ್ಲ. ಕೆಲವೇ ಭೇಟಿ, ಆದರೆ ಸರಿಯಾಗಿ ಬಳಸಿದ ಭೇಟಿ. ಮಾತು ಮತ್ತು ವ್ಯಾಯಾಮ ಎರಡೂ. ಆರೆಂಟು ವಾರ ಬಿಡದ ಅಭ್ಯಾಸ. ಸಿಗುವುದು ನಿದ್ದೆ, ಕೆಲಸ, ಮಾತ್ರೆಯಿಲ್ಲದ ದಿನಗಳು. ದುಡಿದು ತಿನ್ನುವವರಿಗೆ ಇದು ಸಣ್ಣ ಲಾಭವಲ್ಲ.

ಈಗ ನಡೆಯುತ್ತಿರುವುದು ಇದರ ತಿರುಗುಮುರುಗು. ಹೊರರೋಗಿ ವಿಭಾಗದ ಸಾಲು ಕಂಡ ವೈದ್ಯರಿಗೆ ಎಕ್ಸ್‌ರೇ ಬರೆಯಲು ಒಂದು ನಿಮಿಷ ಸಾಕು, ವಿವರಿಸಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಗೆ ಯಾವ ಯೋಜನೆಯೂ ದುಡ್ಡು ಕೊಡುವುದಿಲ್ಲ. ಪೇಟೆಯ ಫಿಸಿಯೋಥೆರಪಿಗೆ ಹೋದರೆ ದಿನವೂ ಬಂದು ‘ಕರೆಂಟ್’ ಕೊಡಿಸಿಕೊಳ್ಳುವುದೇ ಚಿಕಿತ್ಸೆ ಎಂದು ಜನ ತಿಳಿದಿದ್ದಾರೆ; ಬಸ್ ಚಾರ್ಜು, ಶುಲ್ಕ, ಹೋದ ಕೂಲಿ ಸೇರಿ ಮೂರನೇ ದಿನಕ್ಕೆ ಬಿಟ್ಟುಬಿಡುತ್ತಾರೆ. ಆಮೇಲೆ ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತಂದ ನೋವಿನ ಮಾತ್ರೆ. ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯ ಹುಣ್ಣು, ಮೂತ್ರಪಿಂಡದ ತೊಂದರೆ ಅದರ ಬೆನ್ನಿಗೆ ಬರುತ್ತವೆ.

ಉತ್ತರ ಕನ್ನಡದ ಜನ ದೊಡ್ಡ ಆಸ್ಪತ್ರೆಗಾಗಿ ವರ್ಷಗಳಿಂದ ದನಿ ಎತ್ತುತ್ತಿದ್ದಾರೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬ್ಯುಲೆನ್ಸ್ ಬೈಂದೂರಿನ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತಾಗ ಆ ಕೂಗು ರಾಜ್ಯಕ್ಕೆಲ್ಲ ಕೇಳಿತು. ಅದು ನ್ಯಾಯದ ಬೇಡಿಕೆ, ಅದರಲ್ಲಿ ಒಂದಕ್ಷರವೂ ಹಿಂದೆ ಸರಿಯಬಾರದು. ಆದರೆ ಕುತ್ತಿಗೆ ನೋವಿಗೆ ಮಣಿಪಾಲಕ್ಕೋ ಕಾರವಾರಕ್ಕೋ ನೂರು ಕಿಲೋಮೀಟರ್ ಹೋಗಬೇಕಾಗಿಲ್ಲ, ಹೋಗಬಾರದು ಕೂಡ. ಆ ಬೇಡಿಕೆಯ ಪಟ್ಟಿಯಲ್ಲೇ ಇದನ್ನೂ ಸೇರಿಸಬೇಕು: ತಾಲ್ಲೂಕು ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ವಾರಕ್ಕೊಂದು ದಿನ ಹೋಬಳಿಯ ಆರೋಗ್ಯ ಕೇಂದ್ರಕ್ಕೆ ಬರಲಿ, ತಾಲ್ಲೂಕಿಗೆ ಅಂಥವರ ಹುದ್ದೆ ಹೆಚ್ಚಲಿ. 2018ರಿಂದ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳು ಬರತೊಡಗಿದ್ದಾರೆ. ಇಂದು ಆಯುಷ್ಮಾನ್ ಆರೋಗ್ಯ ಮಂದಿರವೆಂದು ಕರೆಯುವ ಆ ಕಟ್ಟಡಗಳಲ್ಲಿ ಯೋಗದ ಅಭ್ಯಾಸವೂ ನಡೆಯಬೇಕೆಂಬ ಉದ್ದೇಶವಿದೆ. ಅಪಾಯದ ಲಕ್ಷಣ ಗುರುತಿಸುವುದನ್ನೂ ನಾಲ್ಕು ವ್ಯಾಯಾಮ ಕಲಿಸುವುದನ್ನೂ ಅವರಿಗೆ ತರಬೇತಿಯಲ್ಲಿ ಕೊಟ್ಟರೆ, ಫಿಸಿಯೋಥೆರಪಿಸ್ಟ್ ಬಾರದ ದಿನಗಳಲ್ಲಿ ಅಭ್ಯಾಸ ನಿಲ್ಲುವುದಿಲ್ಲ. ಆಶಾ ಕಾರ್ಯಕರ್ತೆಯರ ಮೇಲೆ ಇದನ್ನೂ ಹೇರಬಾರದು, ಅವರ ತಲೆಯ ಮೇಲಿನ ಹೊರೆ ಈಗಾಗಲೇ ಸಾಕಷ್ಟಿದೆ.

ಕಲಿಸುವ ಭಾಷೆಯನ್ನೂ ಯೋಚಿಸಬೇಕು. ಮಾವಳ್ಳಿಯ ಸಾಲಿನಲ್ಲಿ ಕನ್ನಡದವರು, ಕೊಂಕಣಿಯವರು, ನವಾಯತಿ ಮಾತಾಡುವವರು ಒಟ್ಟಿಗೆ ನಿಂತಿರುತ್ತಾರೆ. ಇಂಗ್ಲಿಷ್ ಹಾಳೆ ಇವರಲ್ಲಿ ಯಾರ ಕತ್ತನ್ನೂ ಸರಿಪಡಿಸದು. ಆಯಾ ಭಾಷೆಯಲ್ಲಿ, ಇಲ್ಲಿನ ಹೆಂಗಸರೇ ಮಾಡಿ ತೋರಿಸುವ ಎರಡು ನಿಮಿಷದ ವಿಡಿಯೊ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಮರೆತದ್ದು ನೆನಪಾಗುತ್ತದೆ, ದುಬೈಯಲ್ಲಿರುವ ಮಗನೂ ನೋಡಿ ಮಾಡಬಹುದು.

ಹೊತ್ತು ಮತ್ತು ಕಾಲವನ್ನು ಊರಿನ ದುಡಿಮೆ ನೋಡಿ ಇಡಬೇಕು. ಬೆಳಿಗ್ಗೆ ಹತ್ತರಿಂದ ಒಂದರ ಒಳಗೆ ಎಂದರೆ ಮೀನು ಮಾರುವವರು ಬರಲಾರರು. ಮಧ್ಯಾಹ್ನ ಮೂರರ ಮೇಲೆ ಮೀನಿನ ಬುಟ್ಟಿ ಖಾಲಿಯಾಗಿರುತ್ತದೆ, ಹೂವಿನ ಕಟ್ಟು ಬಸ್ಸು ಹತ್ತಿರುತ್ತದೆ. ಮೀನುಗಾರ ಕುಟುಂಬಗಳಿಗೆ ಶುರುಮಾಡಲು ಒಳ್ಳೆಯ ಕಾಲ ಜೂನ್ 1ರಿಂದ ಜುಲೈ 31ರವರೆಗಿನ 61 ದಿನ, ಯಾಂತ್ರಿಕ ಮೀನುಗಾರಿಕೆ ನಿಂತಿರುವಾಗ. ಹೊರುವ ಭಾರ ಕಡಿಮೆಯಿರುವ ಆ ಎಂಟು ವಾರಗಳಲ್ಲಿ ಕತ್ತು, ಭುಜಕ್ಕೆ ಬಲ ತುಂಬಿದರೆ ಆಗಸ್ಟ್‌ನಲ್ಲಿ ಬುಟ್ಟಿ ಮತ್ತೆ ತಲೆಗೇರುವ ಹೊತ್ತಿಗೆ ಸ್ನಾಯು ಸಿದ್ಧವಾಗಿರುತ್ತದೆ. ಜಿಲ್ಲಾ ಆರೋಗ್ಯ ಇಲಾಖೆ ಬರುವ ಮಳೆಗಾಲಕ್ಕೆ ಮಾವಳ್ಳಿ ಹೋಬಳಿಯೊಂದರಲ್ಲೇ ಇದನ್ನು ನಡೆಸಿ, ಬಂದವರೆಷ್ಟು, ಎಂಟು ವಾರ ಬಿಡದೆ ಮಾಡಿದವರೆಷ್ಟು, ಮಾತ್ರೆ ಬಿಟ್ಟವರೆಷ್ಟು ಎಂಬುದನ್ನು ಬರೆದಿಟ್ಟುಕೊಳ್ಳಲಿ. ಕುಮಟಾ, ಹೊನ್ನಾವರಕ್ಕೆ ವಿಸ್ತರಿಸುವುದೋ ಬೇಡವೋ ಎಂಬುದನ್ನು ಆ ಲೆಕ್ಕ ನೋಡಿ ತೀರ್ಮಾನಿಸಬಹುದು.