ಬ್ಯಾಕಪ್ ಇದ್ದರೂ ಪ್ರೋಗ್ರಾಂ ಮರಳಿ ಬರುವುದಿಲ್ಲ, ಏಕೆ?

"ಟೇಪಿನಲ್ಲಿ ಬ್ಯಾಕಪ್ ಇದೆ, ಚಿಂತೆಯಿಲ್ಲ" ಎಂಬ ಮಾತನ್ನು ನಾವೆಲ್ಲ ಕೇಳಿರುತ್ತೇವೆ. ದತ್ತಾಂಶದ ಮಟ್ಟಿಗೆ ಅದು ಬಹುಪಾಲು ನಿಜ. ಪ್ರೋಗ್ರಾಂಗಳ ವಿಷಯ ಬೇರೆ. ಐಬಿಎಂ 1988ರಲ್ಲಿ ಹೊರತಂದ ಎಎಸ್/400 ಇದಕ್ಕೆ ಒಳ್ಳೆಯ ಉದಾಹರಣೆ. ಪಿಸಿಗಿಂತ ದೊಡ್ಡದು, ಮೇನ್‌ಫ್ರೇಮ್‌ಗಿಂತ ಚಿಕ್ಕದಾದ ಈ ಯಂತ್ರದ ವಂಶ ಐಬಿಎಂ ಐ ಎಂಬ ಹೆಸರಿನಲ್ಲಿ ಇಂದಿಗೂ ಮುಂದುವರಿದಿದೆ. ಹಾಗಾಗಿಯೇ ಹಳೆಯ ಪ್ರೋಗ್ರಾಂಗಳೂ ಉಳಿದಿವೆ.

ಇಲ್ಲಿ ಪ್ರೋಗ್ರಾಂ ಒಳಗೆ ಎರಡು ಭಾಗ: ಪ್ರೊಸೆಸರಿಗೆ ನೇರವಾಗಿ ತಿಳಿಯುವ ಸೂಚನೆಗಳು, ಮತ್ತು ಯಾವ ಪ್ರೊಸೆಸರಿಗೂ ಅಂಟಿಕೊಳ್ಳದ ಒಂದು ನಡುರೂಪ. ಹೊಲಿದ ಅಂಗಿಯ ಜೊತೆಗೆ ದರ್ಜಿ ಅಳತೆ ಚೀಟಿಯನ್ನೂ ಇಟ್ಟುಕೊಟ್ಟಂತೆ. 1995ರಲ್ಲಿ ಎಎಸ್/400 ಹೊಸ 64 ಬಿಟ್ ಪ್ರೊಸೆಸರಿಗೆ ಬದಲಾದಾಗ ಈ ಚೀಟಿಯಿಂದಲೇ ಹಳೆಯ ಪ್ರೋಗ್ರಾಂಗಳನ್ನು ಹೊಸದಾಗಿ ಹೊಲಿಯಲು ಸಾಧ್ಯವಾಯಿತು.

ಆದರೆ ಡಿಸ್ಕ್ ಜಾಗ ಉಳಿಸಲೆಂದೋ, ಬೇರೆಯವರು ಒಳಗುಟ್ಟು ತಿಳಿಯಬಾರದೆಂದೋ ಕೆಲವರು ಚೀಟಿಯನ್ನು ಕಿತ್ತು ಹಾಕಿದ್ದರು. ಅಂಥ ಪ್ರೋಗ್ರಾಂ ಹೊಸ ಪ್ರೊಸೆಸರಿನಲ್ಲಿ ಮರುಸ್ಥಾಪನೆಯಾಗುವುದಿಲ್ಲ. ಮೂಲ ಕೋಡ್ ಇದ್ದರೆ ಮತ್ತೆ ಕಂಪೈಲ್ ಮಾಡಬಹುದು. ಬರೆದುಕೊಟ್ಟ ಸಂಸ್ಥೆಯೇ ಮುಚ್ಚಿಹೋಗಿ, ಮೂಲ ಕೋಡೂ ಕಳೆದಿದ್ದರೆ? ಆಗ ತಿಂಗಳ ಸಂಬಳದ ಲೆಕ್ಕ ಮಾಡುವ ಪ್ರೋಗ್ರಾಂ ಟೇಪಿನಲ್ಲಿದ್ದೂ ಇಲ್ಲದಂತೆ.

ಹಿಮ್ಮುಖ ಪಯಣವೂ ಸುಲಭವಲ್ಲ. ಹೊಸ ಆವೃತ್ತಿಯಲ್ಲಿ ಕಂಪೈಲ್ ಮಾಡಿದ್ದನ್ನು ಹಳೆಯ ಆವೃತ್ತಿಗೆ ಒಯ್ಯಬೇಕಾದರೆ ಕಂಪೈಲ್ ಮಾಡುವಾಗಲೂ, ಸೇವ್ ಮಾಡುವಾಗಲೂ ಯಾವ ಆವೃತ್ತಿಗಾಗಿ ಎಂದು ಹೇಳಬೇಕು. ಸೇವ್ ಮಾಡುವಾಗ ಮಾತ್ರ ಹೇಳಿದರೆ ಸಾಲದು. ಅದೂ ಕೆಲವೇ ಆವೃತ್ತಿಗಳಷ್ಟು ಹಿಂದಕ್ಕೆ ಮಾತ್ರ.

ಇನ್ನು ಕೆಲವೊಮ್ಮೆ ಟೇಪೂ ಸರಿ, ಪ್ರೋಗ್ರಾಮೂ ಸರಿ, ತಡೆಯುವುದು ಕಾವಲುಗಾರ. ಮಾಲೀಕನ ಅಧಿಕಾರವನ್ನು ಎರವಲು ಪಡೆದು ಓಡುವ ಪ್ರೋಗ್ರಾಂಗಳನ್ನು, ಅಥವಾ ಡಿಜಿಟಲ್ ಸಹಿ ಹೊಂದದವನ್ನು ಒಳಬಿಡದಂತೆ ವ್ಯವಸ್ಥೆಯಲ್ಲೇ ನಿಗದಿಪಡಿಸಿರಬಹುದು. ಸಿಟ್ಟಿನಲ್ಲಿ ಇದನ್ನು ಪೂರ್ತಿ ಸಡಿಲಿಸಿ ಹಾಗೇ ಮರೆಯುವುದು ಮೂಲ ತೊಂದರೆಗಿಂತ ಅಪಾಯಕಾರಿ ಎಂಬುದು ನಮ್ಮ ಅನಿಸಿಕೆ. ಮೊದಲು ಜಾಬ್ ಲಾಗ್ ಓದಬೇಕು; "ಇಷ್ಟು ಮರುಸ್ಥಾಪನೆಯಾಗಿಲ್ಲ" ಎಂಬ ಕೊನೆಯ ಸಾಲಿನ ಮೇಲೆ, ಪ್ರತಿ ಪ್ರೋಗ್ರಾಂ ಏಕೆ ಬರಲಿಲ್ಲವೆಂಬ ಸಂದೇಶ ಇರುತ್ತದೆ.

2008ರ ವಿ6ಆರ್1 ಆವೃತ್ತಿಗೂ ಎಲ್ಲ ಪ್ರೋಗ್ರಾಂಗಳನ್ನು ಮರುಪರಿವರ್ತಿಸಬೇಕಾಗಿತ್ತು. ವಿ5ಆರ್1 ಅಥವಾ ನಂತರದ ಆವೃತ್ತಿಗಾಗಿ ತಯಾರಾದವುಗಳಲ್ಲಿ ಅದಕ್ಕೆ ಬೇಕಾದ ಮಾಹಿತಿ ಕಿತ್ತರೂ ಹೋಗದಂತೆ ಉಳಿದಿರುತ್ತದೆ. ಅದಕ್ಕೂ ಹಿಂದಿನವುಗಳಲ್ಲಿ ಯಾವುದು ದಾಟಲಾರದು ಎಂದು ಮೊದಲೇ ಪಟ್ಟಿ ಮಾಡುವ ಕಮಾಂಡನ್ನು ಐಬಿಎಂ ವಿ5ಆರ್3 ಮತ್ತು ವಿ5ಆರ್4ಗೆ ಒದಗಿಸಿತ್ತು. ಅದನ್ನು ಹಳೆಯ ಯಂತ್ರ ಇನ್ನೂ ಓಡುತ್ತಿರುವಾಗಲೇ ನಡೆಸಬೇಕು.